ಹೂಂಗುಟ್ಟಿದ ಹನ್ನೆರಡು ದಿನ

ನನ್ನ ಮೊಮ್ಮಗಳು ಆ ಪರೀಕ್ಷೆಯಲ್ಲಿ ಬಿದ್ದದ್ದು ನನ್ನಿಂದ. ಕಿವಿಗೆ ಹಾಕಿಕೊಟ್ಟ ಹೆಡ್‌ಫೋನು ಕರಕರ ಅನ್ನುತ್ತಿತ್ತು ಎಂದು ಅವಳು ಹೇಳುತ್ತಾಳೆ. ಆಸ್ಪತ್ರೆಯವರು ತಮಗೆ ಬೇಕಾದವರನ್ನು ಮೊದಲೇ ಆರಿಸಿಟ್ಟಿದ್ದರು ಎಂದು ಅವಳ ಅಪ್ಪ, ಅಂದರೆ ನನ್ನ ಮಗ, ಹೇಳುತ್ತಾನೆ. ಎರಡೂ ಸುಳ್ಳು. ಹೆಡ್‌ಫೋನು ಸರಿಯಾಗಿತ್ತು, ಪರೀಕ್ಷೆ ಮಾಡಿದವರೂ ನ್ಯಾಯವಾಗಿಯೇ ಮಾಡಿದರು. ಹನ್ನೆರಡು ದಿನ ಎದುರಿಗೆ ಕುಂತು ಅವಳಿಗೆ ತಪ್ಪು ಕಲಿಸಿದವಳು ನಾನು. ಕಲಿಸುವಾಗ ನನ್ನಷ್ಟು ಶಾಣ್ಯಾಕಿ ಆಳಂದದಲ್ಲೇ ಇಲ್ಲ ಅಂದುಕೊಂಡಿದ್ದೆ.

ಅವಳು ನರ್ಸ್. ಮೂರು ವರ್ಷ ಕಲಿತು, ಒಂದೂವರೆ ವರ್ಷದಿಂದ ಜೇವರ್ಗಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎಳೆಗೂಸುಗಳ ವಾರ್ಡಿನಲ್ಲಿದ್ದಾಳೆ. ನರ್ಸಿಂಗಿಗೆ ಮೊದಲು ಓದಿದ್ದೆಲ್ಲ ಕನ್ನಡ ಶಾಲೆಯಲ್ಲಿ. ಈಚೆಗೆ ಅಲ್ಲಿಗೆ ಹೊರಗಿನ ಡಾಕ್ಟರುಗಳು ಬಂದರು. ಅವರಿಗೆ ಕನ್ನಡ ಬರುವುದಿಲ್ಲ. ಯಾವ ಕೂಸಿಗೆ ಯಾವ ಔಷಧ, ಎಷ್ಟು ಹನಿ, ಎಷ್ಟು ತಾಸಿಗೊಮ್ಮೆ, ಎಲ್ಲ ಇಂಗ್ಲಿಷಿನಲ್ಲಿ, ಅದೂ ಬಹಳ ಸಲ ಫೋನಿನಲ್ಲಿ ಹೇಳುತ್ತಾರೆ. ಅದಕ್ಕೆ ಆಸ್ಪತ್ರೆಯವರು ಒಂದು ಕಾಯಿದೆ ಮಾಡಿದರು. ಆ ವಾರ್ಡಿನಲ್ಲಿ ಇರಬೇಕೆನ್ನುವವರು ಇಂಗ್ಲಿಷ್ ಕೇಳಿ ತಿಳಿದುಕೊಳ್ಳುವ, ಓದಿ ತಿಳಿದುಕೊಳ್ಳುವ ಪರೀಕ್ಷೆ ಕೊಡಬೇಕು. ಪಾಸಾಗದವರು ತಿಂಗಳ ಕೊನೆಗೆ ಮನೆಗೆ.

ಮನೆಗೆ ಅಂದರೆ ಅತನೂರಿಗೆ, ಅಪ್ಪನ ಹೊಲಮನೆಗೆ. ಅಲ್ಲಿ ಊಟಕ್ಕೇನೂ ಕೊರತೆಯಿಲ್ಲ. ಆದರೆ ಅವಳಿಗೆ ಆ ವಾರ್ಡೇ ಬೇಕು. ಒಮ್ಮೆ ಅಂಗೈಯಷ್ಟಿದ್ದ ಕೂಸೊಂದು ಮೊದಲ ಸಲ ಬಾಯಿಂದ ಹಾಲು ಕುಡಿಯಿತು ಎಂದು ನನಗೆ ಫೋನ್ ಮಾಡಿ ಅರ್ಧ ತಾಸು ಅದೊಂದನ್ನೇ ಹೇಳಿದಳು. ನನ್ನ ಆರು ಹೆರಿಗೆಗಳ ಬಗ್ಗೆ ಯಾರೂ ಅರ್ಧ ನಿಮಿಷ ಮಾತಾಡಿದ್ದಿಲ್ಲ. ಈ ಹುಡುಗಿಗೆ ಈ ಕೆಲಸದ ಹುಚ್ಚು ಹಿಡಿದಿದೆ ಎಂದು ನನಗೆ ಅವತ್ತೇ ತಿಳಿಯಿತು.

ರಜೆ ಹಾಕಿ ಅವಳು ಅತನೂರಿಗೆ ಹೋಗದೆ ಆಳಂದಕ್ಕೆ ನನ್ನ ಹತ್ತಿರ ಬಂದಳು. ಅಪ್ಪನ ಮನೆಯಲ್ಲಿ ಟಿವಿ, ಮೂರು ಸಣ್ಣ ಮಕ್ಕಳು, ದಿನಕ್ಕೆ ಹತ್ತು ಮಂದಿ ಬಂದು ಹೋಗುವವರು. ನನ್ನ ಮನೆಯಲ್ಲಿ ನಾನೊಬ್ಬಳು, ಎರಡು ಕೋಣೆ. ಒಂದು ದಪ್ಪ ಪುಸ್ತಕ, ಒಂದು ಫೋನು ಹಿಡಿದುಕೊಂಡು ಬಂದು ಅಡುಗೆಮನೆಯ ಗೋಡೆಗೆ ಬೆನ್ನು ಕೊಟ್ಟು ಕುಂತುಬಿಟ್ಟಳು.

ನಾನು ಕಲಿತದ್ದು ಮೂರನೇ ಇಯತ್ತೆ. ಕನ್ನಡ ಓದುತ್ತೇನೆ, ನಿಧಾನವಾಗಿ ಬರೆಯುತ್ತೇನೆ. ಇಂಗ್ಲಿಷಿನಲ್ಲಿ ಎ, ಬಿ, ಸಿ, ಡಿ ಗುರುತು ಹಿಡಿಯುತ್ತೇನೆ, ಅಂಕಿ ಓದುತ್ತೇನೆ. ಅಷ್ಟಕ್ಕೇ ನಾನು ಅವಳಿಗೆ ಮಾಸ್ತರಾದೆ.

ಕೇಳುವ ಅಭ್ಯಾಸ ಅಂದರೆ ಇಷ್ಟು: ಫೋನಿನಲ್ಲಿ ಯಾರೋ ಇಂಗ್ಲಿಷಿನಲ್ಲಿ ನಾಲ್ಕೈದು ನಿಮಿಷ ಮಾತಾಡುತ್ತಾರೆ. ಮುಗಿದ ಮೇಲೆ ಪುಸ್ತಕದಲ್ಲಿರುವ ಹತ್ತು ಪ್ರಶ್ನೆಗೆ ಉತ್ತರಕ್ಕೆ ಗುರುತು ಹಾಕಬೇಕು. ಪರೀಕ್ಷೆಯಲ್ಲಿ ಒಂದೇ ಸಲ ಕೇಳಿಸುತ್ತಾರೆ. ಮನೆಯಲ್ಲಿ ಎಷ್ಟು ಸಲ ಬೇಕಾದರೂ ಹಿಂದಕ್ಕೆ ಎಳೆದು ಕೇಳಬಹುದು. ಮೊದಲ ದಿನ ಅವಳು ಒಂದನ್ನೇ ಏಳು ಸಲ ಎಳೆದಳು. ನಡುವೆ ನಡುವೆ ಗೆಳತಿಯರ ಮೆಸೇಜು ನೋಡಿದಳು. ನಾನು ಫೋನು ಕಸಿದುಕೊಂಡೆ.

"ಕೊಡ ಇಲ್ಲಿ. ನಾ ಒತ್ತತೇನಿ, ನೀ ಕೇಳು."

"ನಿಂಗೇನು ತಿಳೀತದ ಆಯಿ, ಎಲ್ಲಿ ಬಂದ್ ಮಾಡ್ಬೇಕು ಅಂತ?" ಅಜ್ಜಿಗೆ ಅವಳು ಆಯಿ ಎನ್ನುತ್ತಾಳೆ.

"ಎರಡು ಕಡ್ಡಿ ನಿಂತದ್ದು ಒತ್ತಿದ್ರ ನಿಂದರ್ತದ. ಮೂರು ಮೂಲಿದು ಒತ್ತಿದ್ರ ಹೊಂಡ್ತದ. ಇದಕ್ಕೂ ಮೂರು ವರ್ಷ ಕಾಲೇಜು ಬೇಕೇನು?"

ಅವಳು ನಕ್ಕಳು. ನಾನು ನಗಲಿಲ್ಲ. ಅವಳು ಕೇಳುತ್ತಿದ್ದಾಳೋ, ಇಲ್ಲ ಕಣ್ಣು ಬಿಟ್ಟು ನಿದ್ದೆ ಮಾಡುತ್ತಿದ್ದಾಳೋ ಎಂದು ತಿಳಿಯುವುದು ಹೇಗೆ? ಅದಕ್ಕೆ ನನಗೆ ಗೊತ್ತಿದ್ದ ಉಪಾಯ ಒಂದೇ. ನಮ್ಮ ಕಡೆ ಕಥೆ ಕೇಳುವವರು ಹೂಂ ಅನ್ನಬೇಕು. ಹೇಳುವವಳು ಒಂದು ಮಾತು ಮುಗಿಸಿ ತಡೆಯುತ್ತಾಳೆ. ಕೇಳುವವರು ಹೂಂ ಅಂದರೆ ಮುಂದಿನ ಮಾತು. ಹೂಂ ಬರಲಿಲ್ಲವೋ, ಕಥೆ ಅಲ್ಲಿಗೇ ಬಂದ್. ನನ್ನ ಅಜ್ಜಿ ತೊಗರಿ ಹಸನು ಮಾಡುತ್ತ ನಮಗೆ ಹೀಗೆ ಹೇಳಿದಳು. ನಾನು ನನ್ನ ಮಕ್ಕಳಿಗೆ ಹೇಳಿದೆ. ಈ ಹುಡುಗಿಯೂ ನನ್ನ ತೊಡೆಯ ಮೇಲೆ ಹೂಂಗುಟ್ಟಿಯೇ ಬೆಳೆದವಳು.

"ಒಂದೊಂದು ಮಾತಿಗೆ ಹೂಂ ಅನ್ನು. ಹೂಂ ಬರ್ಲಿಲ್ಲಂದ್ರ ಬಂದ್ ಮಾಡಿ ಮೊದಲಿನಿಂದ ಹಚ್ಚತೇನಿ."

"ಇದೇನ್ ಕಥಿ ಅದ ಏನ್ ಆಯಿ? ಇಲ್ಲೊಬ್ಬಾಕಿ ಬ್ಯಾಂಕಿನಾಗ ನಿಂತಾಳ."

"ಬ್ಯಾಂಕಿನಾಗ ನಿಂದರ್ಲಿ, ಬಸ್‌ಸ್ಟ್ಯಾಂಡಿನಾಗ ನಿಂದರ್ಲಿ. ಹೂಂ ಅನ್ನು."

ಅಂದಳು. ಮೊದಲೆರಡು ದಿನ ನಡುವೆ ನಡುವೆ ತಪ್ಪಿತು. ತಪ್ಪಿದಾಗಲೆಲ್ಲ ನಾನು ಎರಡು ಕಡ್ಡಿ ಒತ್ತಿ ಮೊದಲಿನಿಂದ ಹಚ್ಚಿದೆ. ಅವಳಿಗೆ ಸಿಟ್ಟು ಬರುತ್ತಿತ್ತು. ಮೂರನೇ ದಿನದಿಂದ ಒಂದು ಹೂಂ ಕೂಡ ತಪ್ಪಲಿಲ್ಲ. ಫೋನಿನಲ್ಲಿದ್ದವರು ಉಸಿರು ತೆಗೆದುಕೊಂಡರೆ ಸಾಕು, ಇವಳ ಹೂಂ ತಯಾರು. ಬಳ್ಳೊಳ್ಳಿ ಬಿಡಿಸುತ್ತ ಹೂಂ, ಜಡೆ ಹೆಣೆದುಕೊಳ್ಳುತ್ತ ಹೂಂ. ಪಕ್ಕದ ಮನೆಯವಳು ಹಿಟ್ಟಿನ ಜರಡಿ ಕೇಳಲು ಬಂದವಳು ಬಾಗಿಲಲ್ಲೇ ನಿಂತು ನೋಡಿದಳು.

"ಏನ್ ಬೇ, ಮೊಮ್ಮಗಳಿಗೆ ಇಂಗ್ಲಿಷ್ನಾಗ ಕಥಿ ಹೇಳಾಕತ್ತೀ?"

"ಹೌದವಾ. ನಿನ್ ಸೊಸೀನೂ ಕಳಸು. ಆಕಿಗಿ ಕನ್ನಡದಾಗ ಹೇಳಿದ್ದೇ ತಿಳೀವಲ್ದು ಅಂತೀಯಲ್ಲ."

ಅವಳು ಜರಡಿ ತೆಗೆದುಕೊಂಡು ಹೋದಳು. ನನಗೆ ಒಳಗೊಳಗೇ ಹೆಮ್ಮೆ.

ಓದುವ ಅಭ್ಯಾಸ ಬೇರೆ ತರಹ ನಡೆಯಿತು. ಅವಳು ಒಂದು ಪುಟ ಗಟ್ಟಿಯಾಗಿ ಓದುತ್ತಿದ್ದಳು. ನನಗೆ ತಿಳಿಯದ ಭಾಷೆ ಕಿವಿಗೆ ಬಿದ್ದು ಬೇಸರವಾಗಿ, "ಏನಂತ ಬರದಾರ ಹೇಳು" ಅನ್ನುತ್ತಿದ್ದೆ. ಅವಳು ಕನ್ನಡದಲ್ಲಿ ಹೇಳುತ್ತಿದ್ದಳು. ನಾನು ಬಿಡುತ್ತಿರಲಿಲ್ಲ. ಆ ಹೆಂಗಸು ಅಂಗಡಿಗೆ ಯಾಕೆ ಹೋದಳು, ತಂದ ಸಾಮಾನು ಯಾಕೆ ವಾಪಸ್ ಕೊಟ್ಟಳು, ಅಂಗಡಿಯವನು ಏನಂದ. ಉತ್ತರ ಗೊತ್ತಿಲ್ಲದಿದ್ದರೆ ಅವಳು ಮತ್ತೆ ಪುಟ ತಿರುವಿ ನೋಡಿ ಹೇಳುತ್ತಿದ್ದಳು. ಇದು ನಾನು ಕಲಿಸಬೇಕೆಂದು ಮಾಡಿದ್ದಲ್ಲ. ಸುಮ್ಮನೆ ಮಂದಿಯ ಸುದ್ದಿ ಕೇಳುವ ಚಟ.

ಪುಸ್ತಕದ ಹಿಂದೆ ಉತ್ತರಗಳಿದ್ದವು. ನಾನು ಎ, ಬಿ, ಸಿ, ಡಿ ಜೋಡಿಸಿ ನೋಡಿ ಗುರುತು ಹಾಕುತ್ತಿದ್ದೆ. ಓದಿದ್ದಕ್ಕೆ ಹತ್ತರಲ್ಲಿ ಎಂಟು, ಒಂಬತ್ತು ಬರುತ್ತಿತ್ತು. ಕೇಳಿದ್ದಕ್ಕೆ ನಾಲ್ಕು. ಆರನೇ ದಿನವೂ ನಾಲ್ಕು. ಎಂಟನೇ ದಿನ ಮೂರು. ಬುದ್ಧಿಯಿದ್ದವಳಾದರೆ ಅಲ್ಲಿಗೇ ನಿಂತು ಯೋಚನೆ ಮಾಡುತ್ತಿದ್ದಳು. ನಾನು ಏನು ಮಾಡಿದೆ? ಹೂಂ ಸಣ್ಣದಾಯಿತು, ಜೋರಾಗಿ ಅನ್ನು ಎಂದೆ.

"ಹೂಂ!" ಎಂದು ಅವಳು ಚೀರಿದಳು. "ಸಾಕೇನು? ಬಸ್‌ಸ್ಟ್ಯಾಂಡಿಗೆ ಕೇಳಿರ್ಬೇಕು."

"ನಿನ್ ಮುಖದ ಮ್ಯಾಲ ಸಿಟ್ಟು ಯಾಕ? ಕೆಲಸ ಹೋಗೂದು ನಿಂದು, ನಂದಲ್ಲ."

ಆ ಮಾತು ಆಡಬಾರದಿತ್ತು. ಅವತ್ತು ಅವಳು ಊಟ ಬಿಟ್ಟಳು. ಮುಖದ ಮೇಲೆ ಪುಸ್ತಕ ಮುಚ್ಚಿಕೊಂಡು ಮಲಗಿದಳು. ಪರೀಕ್ಷೆಗೆ ನಾಲ್ಕು ದಿನ ಉಳಿದಿತ್ತು.

ಮರುದಿನ ಮಧ್ಯಾಹ್ನ ಆಸ್ಪತ್ರೆಯಿಂದ ಫೋನ್ ಬಂತು. ಹೊಸ ಡಾಕ್ಟರು. ಅವಳು ಗಡಬಡಿಸಿ ಎದ್ದು ನಿಂತಳು. ಫೋನಿನಲ್ಲಿ ಮಾತಾಡುವವರಿಗೆ ನಾವು ನಿಂತದ್ದು ಕಾಣಿಸುತ್ತದೆಯೇ? ಆದರೂ ನಿಂತಳು. "ಎಸ್ ಸರ್, ಹೂಂ ಸರ್, ಹೂಂ, ಹೂಂ, ಓಕೆ ಸರ್." ಫೋನು ಇಟ್ಟಾಗ ಮುಖ ಬಿಳಿಚಿಕೊಂಡಿತ್ತು.

"ಏನಂದ್ರು?"

"ಏನೋ ಕೇಳಿದ್ರು."

"ಏನ್ ಕೇಳಿದ್ರು?"

"ತಿಳೀಲಿಲ್ಲ ಆಯಿ."

"ಮತ್ತ ಹೂಂ ಹೂಂ ಅಂದಿ?"

ಅವಳು ತನ್ನ ಜೊತೆ ಕೆಲಸ ಮಾಡುವ ಇನ್ನೊಬ್ಬ ನರ್ಸಿಗೆ ಫೋನ್ ಹಚ್ಚಿ, ಡಾಕ್ಟರು ಯಾತಕ್ಕೆ ಮಾಡಿದ್ದರು ಎಂದು ವಿಚಾರಿಸಿದಳು. ಏನೂ ಇಲ್ಲ, ಯಾವುದೋ ಫೈಲು ಎಲ್ಲಿಟ್ಟಿದ್ದಾಳೆ ಎಂದು ಕೇಳಿದ್ದರಂತೆ. ಫೈಲೆಲ್ಲಿ ಅಂದರೆ ಇವಳು ಓಕೆ ಸರ್ ಅಂದಿದ್ದಳು. ಹೆದರಿಕೆ ಇಳಿದು ಅವಳಿಗೆ ನಗು ಬಂತು. ನಾನೂ ನಕ್ಕೆ. ನಗುವ ಹೊತ್ತಲ್ಲ ಅದು. ಫೈಲಿನ ಜಾಗದಲ್ಲಿ ಔಷಧ ಇದ್ದಿದ್ದರೆ ಎಂದು ನನಗೆ ಹೊಳೆಯಲೇ ಇಲ್ಲ. ಮತ್ತೆ ಮೂರು ಮೂಲೆಯದನ್ನು ಒತ್ತಿದೆ, ಅವಳು ಮತ್ತೆ ಹೂಂ ಅಂದಳು.

ಪರೀಕ್ಷೆ ಅಫಜಲಪುರದ ಒಂದು ಕಾಲೇಜಿನಲ್ಲಿ. ಅಲ್ಲಿಯೂ ಆಸ್ಪತ್ರೆಯವರದೊಂದು ಶಾಖೆ ಇದೆ, ಅದಕ್ಕೆ ಎರಡೂ ಕಡೆಯವರನ್ನು ಅಲ್ಲಿಗೇ ಕರೆದಿದ್ದರು. ಬೆಳಗ್ಗೆ ಬಸ್ಸು ಹತ್ತಿದಾಗಿನಿಂದ ಅವಳು ಕಿವಿಗೆ ಫೋನು ಸಿಕ್ಕಿಸಿಕೊಂಡಿದ್ದಳು. ನಿಂಬರ್ಗಾದಲ್ಲಿ ಕೂಲಿಗೆ ಹೋಗುವ ಹೆಂಗಸರು ಬುತ್ತಿ ಹಿಡಿದು ಹತ್ತಿದರು. ಒಬ್ಬಳು ನನ್ನ ಪಕ್ಕ ಕುಂತು, ಈ ಹುಡುಗಿಗೆ ಏನಾಗಿದೆ, ಒಬ್ಬಳೇ ಹೂಂ ಹೂಂ ಅನ್ನಾಕತ್ತಾಳಲ್ಲ ಎಂದಳು. ಪರೀಕ್ಷೆಗೆ ಓದುತ್ತಿದ್ದಾಳೆ ಎಂದೆ. ಆ ಹೆಂಗಸು ನನ್ನ ಮುಖವನ್ನೂ ಒಂದು ಸಲ ನೋಡಿ ಸುಮ್ಮನಾದಳು.

ಇಪ್ಪತ್ತು ಇಪ್ಪತ್ತೆರಡು ಹುಡುಗಿಯರಿದ್ದರು. ಹೆಡ್‌ಫೋನು ಹಾಕಿಕೊಂಡು ಬರೆಯುವುದು, ಆಮೇಲೆ ಓದಿ ಬರೆಯುವುದು. ಇವೆರಡು ನಮಗೆ ಗೊತ್ತಿದ್ದವು. ಗೊತ್ತಿಲ್ಲದ ಮೂರನೆಯದೊಂದಿತ್ತು. ಒಬ್ಬೊಬ್ಬರನ್ನೇ ಕರೆದು ಒಬ್ಬ ಹೆಂಗಸು ಎದುರಿಗೆ ಕೂರಿಸಿಕೊಂಡು, ಡಾಕ್ಟರು ಹೇಳುವಂತೆ ಇಂಗ್ಲಿಷಿನಲ್ಲಿ ಒಂದು ಕೆಲಸ ಹೇಳುತ್ತಿದ್ದಳು. ಸೆಕೆಗೆ ಕಿಟಕಿ ತೆರೆದಿದ್ದರು. ನಾನು ಹೊರಗೆ ಕಟ್ಟೆಯ ಮೇಲೆ ಕುಂತು ಒಳಗಿನದೆಲ್ಲ ನೋಡುತ್ತಿದ್ದೆ.

ನಮ್ಮವಳಿಗಿಂತ ಮೊದಲು ಹೋದವಳು ಕರಜಗಿಯ ಹುಡುಗಿ. ಬೆಳಗ್ಗೆ ಹೊರಗೆ ನಮ್ಮ ಜೊತೆ ಚಹಾ ಕುಡಿದಿದ್ದಳು. ಅವಳು ಮೂರು ಸಲ ಕೈ ಎತ್ತಿ ಆ ಹೆಂಗಸಿನ ಮಾತು ತಡೆದಳು. ಏನೋ ಕೇಳಿದಳು, ಹಾಳೆಯ ಮೇಲೆ ಬರೆದುಕೊಂಡಳು, ಬರೆದದ್ದನ್ನು ಓದಿ ತೋರಿಸಿದಳು. ಪಾಪ, ದಡ್ಡಿ, ಇದಕ್ಕೇನೂ ತಿಳಿಯುತ್ತಿಲ್ಲ ಎಂದುಕೊಂಡೆ.

ಆಮೇಲೆ ನಮ್ಮವಳು ಹೋದಳು. ನೆಟ್ಟಗೆ ಕುಂತಳು. ಹೆಂಗಸು ಹೇಳುತ್ತ ಹೋದಳು, ಇವಳು ತಲೆಯಾಡಿಸುತ್ತ ಹೋದಳು. ತುಟಿಯಲ್ಲಿ ಹೂಂ, ಹೂಂ. ಒಂದು ಸಲವೂ ತಡೆಯಲಿಲ್ಲ, ಒಂದಕ್ಷರ ಬರೆದುಕೊಳ್ಳಲಿಲ್ಲ. ನನ್ನ ಎದೆ ಉಬ್ಬಿತು. ಇಂಥ ಕೇಳುವಿಕೆ ಯಾರಿಗಿದೆ! ಹೆಂಗಸು ಮುಗಿಸಿ, ಈಗ ನೀನು ಹೇಳು ಎನ್ನುವಂತೆ ಕೈ ಮಾಡಿದಳು.

ನಮ್ಮವಳು ಬಾಯಿ ತೆರೆಯಲಿಲ್ಲ. ಮೇಜಿನ ಅಂಚು ಹಿಡಿದುಕೊಂಡಳು. ಹೆಂಗಸು ಏನೋ ಮೆತ್ತಗೆ ಕೇಳಿದಳು. ಅದಕ್ಕೂ ಇವಳು ಹೂಂ ಅಂದಳು. ಅದು ನನಗೆ ಕಿಟಕಿಯಾಚೆಯಿಂದ ಕೇಳಿಸಿತು. ಹೆಂಗಸು ಪೆನ್ನು ಕೆಳಗಿಟ್ಟಳು. ನಾನು ಎದ್ದು ನಿಂತೆ. ಎದ್ದು ಏನು ಮಾಡಬೇಕು ಎಂದು ತಿಳಿಯದೆ ಮತ್ತೆ ಕುಂತೆ.

ಮಧ್ಯಾಹ್ನ ಮೂರಕ್ಕೆ ಫಲಿತಾಂಶ ಹೇಳಿದರು. ಕರಜಗಿಯವಳು ಪಾಸು. ನಮ್ಮವಳು ಇಲ್ಲ. ಜೇವರ್ಗಿಯಿಂದ ಬಂದಿದ್ದ ದೊಡ್ಡ ಸಿಸ್ಟರು, ಅಂದರೆ ಎಲ್ಲ ನರ್ಸುಗಳ ಮೇಲಿನವರು, ನಮ್ಮ ಕಡೆಯವರೇ. ನಾನು ಹೋಗಿ ಅವರನ್ನು ತಡೆದೆ.

"ಯಾಕ್ರೀ ಸಿಸ್ಟರ್, ನಮ್ಮ ಹುಡಿಗಿ ಅಷ್ಟು ಚಲೋ ಕೇಳಾಕತ್ತಿದ್ಳು. ನಾ ಕಿಡಕ್ಯಾಗಿಂದ ನೋಡೇನಿ."

"ಓದೂದ್ರಾಗ ಎಲ್ಲಾರಿಗಿಂತ ಮುಂದ ಅದಾಳ್ರಿ. ಆದ್ರ ಕೇಳೂದ್ರಾಗ ತಿಳೀಲಿಲ್ಲ ಅಂತ ಒಮ್ಮಿನೂ ಅನ್ಲಿಲ್ಲ. ತಿಳೀದಿದ್ರ ತಪ್ಪೇನಿಲ್ರಿ, ನಂಗೂ ಆ ಡಾಕ್ಟರ್ ಮಾತು ಅರ್ಧ ತಿಳಿಯಂಗಿಲ್ಲ, ನಾ ನಾಕ್ ಸಲ ಕೇಳ್ತೇನಿ. ಯಾವ ಔಷಧ, ಎಷ್ಟು ಅನ್ನೂದು ತಿಳೀಲಾರ್ದ ಹೂಂ ಅಂದ್ರ ಕೂಸಿನ ಗತಿ ಏನ್ರಿ? ನೀವೇ ಹೇಳ್ರಿ."

ನಾನು ಅವರ ಕೈ ಹಿಡಿದುಕೊಂಡೆ.

"ಇನ್ನೊಂದ್ ಅವಕಾಶ ಇಲ್ಲೇನ್ರಿ?"

ಸಿಸ್ಟರು ಮೊಮ್ಮಗಳ ಕಡೆ ತಿರುಗಿದರು. "ಓದೂದು ಪಾಸ್ ಆಗೀದಿ ಅಂತ ಕೇಳೂದು ಇನ್ನೊಮ್ಮಿ ಕೊಡ್ತಾರ. ಆದ್ರ ದೊಡ್ಡ ಡಾಕ್ಟರು ಒಂದ್ ಮಾತು ಹೇಳ್ಯಾರ. ನಾಳಿ ಮುಂಜಾನಿ ಒಂಬತ್ತರೊಳಗ ನೀನೇ ಅವ್ರಿಗೆ ಫೋನ್ ಮಾಡ್ಬೇಕು. ಯಾವ ದಿನ, ಎಲ್ಲಿ, ಏನೇನ್ ತರ್ಬೇಕು ಅಂತ ಅವ್ರೇ ಹೇಳ್ತಾರ. ಹತ್ ಸಲ ಕೇಳಿದ್ರೂ ಹೇಳ್ತಾರ. ಕೇಳ್ಲಿಲ್ಲಂದ್ರ ಒಂದೇ ಸಲ. ತಿಳೀತಿಲ್ಲೋ?"

"ಹೂಂ" ಅಂದಳು ಮೊಮ್ಮಗಳು. ಸಿಸ್ಟರು ನನ್ನ ಮುಖ ನೋಡಿ ಹೊರಟುಹೋದರು.

ವಾಪಸ್ ಬಸ್ಸಿನಲ್ಲಿ ಅವಳು ಹೆಡ್‌ಫೋನಿನ ಮಾತು ತೆಗೆದಳು. ಕರಕರ ಅಂತಿತ್ತು, ನನ್ನೊಬ್ಬಳದೇ ಕೆಟ್ಟಿತ್ತು ಎಂದಳು. ಅದರ ಮಾತು ಸಾಕು, ಎದುರಿಗೆ ಕುಂತ ಹೆಂಗಸಿಗೂ ಹೆಡ್‌ಫೋನಿತ್ತೇನು ಎಂದೆ. ತಿಳಿಯದಿದ್ದರೆ ಕೇಳಲಿಕ್ಕೆ ಏನು ಧಾಡಿ ಎಂದೆ. ಆಗ ಅವಳು ಬಸ್ಸಿನಲ್ಲಿ ಮಂದಿ ಇದ್ದಾರೆ ಎನ್ನುವುದನ್ನೂ ನೋಡಲಿಲ್ಲ.

"ನೀ ಬಂದ್ ಮಾಡ್ತಿದ್ದಿ ಆಯಿ! ಹೂಂ ಅನ್ಲಿಲ್ಲಂದ್ರ ಬಂದ್ ಮಾಡಿ ಮೊದಲಿನಿಂದ ಹಚ್ತಿದ್ದಿ. ಎಷ್ಟ್ ಸಲ ಕೇಳ್ಲಿ ನಾ ಅದೇ ಬ್ಯಾಂಕು, ಅದೇ ಹೆಂಗಸು? ತಿಳೀಲಿ ಬಿಡ್ಲಿ, ಹೂಂ ಅಂದ್ರ ಮುಂದ ಹೋಗ್ತದ ಅಂತ ಅಂದೇನಿ. ಒಮ್ಮೆರ ಏನ್ ತಿಳೀತು ಅಂತ ಕೇಳೀದೇನು ನೀ? ಓದಿದ್ದು ಕೇಳ್ತಿದ್ದಿ. ಇದನ್ನ ಕೇಳಿದೇನು?"

ಕೇಳಿರಲಿಲ್ಲ. ಹನ್ನೆರಡು ದಿನದಲ್ಲಿ ಒಂದು ಸಲವೂ ಕೇಳಿರಲಿಲ್ಲ. ಕಥೆ ನಾನೇ ಹೇಳುವಾಗ ಹೂಂ ಸುಳ್ಳೋ ಖರೆಯೋ ಎನ್ನುವುದು ನನಗೆ ಅವಳ ಮುಖದಲ್ಲೇ ತಿಳಿಯುತ್ತಿತ್ತು. ಏಕೆಂದರೆ ಕಥೆ ನನಗೆ ಗೊತ್ತಿತ್ತು. ಫೋನಿನಲ್ಲಿದ್ದದ್ದು ನನಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ನಾವಿಬ್ಬರೂ ಏನೂ ತಿಳಿಯದೆ ಎದುರುಬದುರು ಕುಂತು, ಒಬ್ಬಳು ಒತ್ತುತ್ತ, ಒಬ್ಬಳು ಹೂಂ ಅನ್ನುತ್ತ ಕಾಲ ಕಳೆದಿದ್ದೆವು. ಇದನ್ನು ನಾನು ಬಸ್ಸಿನಲ್ಲಿ ಹೇಳಲಿಲ್ಲ. ತಪ್ಪು ನಂದು ಎನ್ನುವುದು ನನಗೆ ನಾಲಿಗೆಗೆ ಬೇಗ ಬರುವ ಮಾತಲ್ಲ. ಆಳಂದ ಬರುವವರೆಗೆ ಅವಳು ಆಚೆ ನೋಡುತ್ತ ಕುಂತಳು, ನಾನು ಈಚೆ.

ಮನೆಗೆ ಬಂದ ಮೇಲೆ ನನ್ನ ಮಗ ಅತನೂರಿನಿಂದ ಫೋನ್ ಮಾಡಿದ. ಮೊದಲೇ ಆರಿಸಿದ್ದರು, ಬಿಡು, ನಾಳೆ ಊರಿಗೆ ಬಂದುಬಿಡು, ಯಾರ ಕಾಲು ಹಿಡಿಯುವುದೂ ಬೇಡ ಎಂದು ಮಗಳಿಗೆ ಹೇಳಿದ. ಅವಳು ಅದಕ್ಕೂ ಹೂಂ ಅಂದು ಚೀಲಕ್ಕೆ ಬಟ್ಟೆ ತುಂಬತೊಡಗಿದಳು.

ಮರುದಿನ ಬೆಳಗ್ಗೆ ಎಂಟು ಗಂಟೆಗೆ ಚೀಲ ಬಾಗಿಲ ಹತ್ತಿರ ಇತ್ತು. ನಾನು ಅದನ್ನು ಎತ್ತಿ ಒಳಗಿನ ಕೋಣೆಯಲ್ಲಿಟ್ಟು ಕೊಂಡಿ ಹಾಕಿದೆ. ರೊಟ್ಟಿಗೆ ಹಿಟ್ಟು ನಾದುತ್ತ, "ಫೋನ್ ಹಚ್ಚು" ಎಂದೆ.

"ಮೆಸೇಜ್ ಹಾಕ್ತೇನಿ ಆಯಿ. ಬರದ್ರ ತಪ್ಪಾಗಂಗಿಲ್ಲ."

"ಬರಿಯೂದು ಓದೂದು ನಿಂಗ ಬರ್ತದ ಅಂತ ಅವ್ರಿಗೆ ಗೊತ್ತದ. ಹಚ್ಚು."

"ಅವ್ರು ಜಲ್ದಿ ಜಲ್ದಿ ಮಾತಾಡ್ತಾರ. ನಂಗ ತಿಳಿಯಂಗಿಲ್ಲ."

"ತಿಳಿಯಂಗಿಲ್ಲ ಅಂತ ನಂಗ ಹೇಳಾಕತ್ತೀದಿ. ಅವ್ರಿಗೆ ಹೇಳು." ಸ್ವಲ್ಪ ತಡೆದು, ಅವಳ ಮುಖ ನೋಡದೆ ಹೇಳಿದೆ: "ನಾ ಕಲಿಸಿದ್ದು ತಪ್ಪಾಗ್ಯದ. ಬಿಟ್ಬಿಡು ಅದನ್ನ."

ಅವಳು ಬಹಳ ಹೊತ್ತು ಫೋನು ಕೈಯಲ್ಲಿ ಹಿಡಿದು ಕುಂತಳು. ಎಂಟೂವರೆ ದಾಟಿತು. ಎಂಟೂ ಮುಕ್ಕಾಲಿಗೆ ಹಚ್ಚಿದಳು. ನನಗೂ ಕೇಳಿಸಲಿ ಎಂದು ಸ್ಪೀಕರಿಗೆ ಹಾಕಿಸಿದೆ. ಡಾಕ್ಟರು ಎತ್ತಿದರು. ಅವಳು ತನ್ನ ಹೆಸರು ಹೇಳಿದಳು, ಇನ್ನೇನೋ ಹೇಳಿದಳು. ಅವರು ಒಂದೇ ಉಸಿರಿನಲ್ಲಿ ಮಾತಾಡತೊಡಗಿದರು. ಮಾತು ಮುಗಿಯುವ ಹೊತ್ತಿಗೆ ಅವಳ ತಲೆ ಅಲ್ಲಾಡತೊಡಗಿತ್ತು, ತುಟಿ ಮುಂದಕ್ಕೆ ಬಂದಿತ್ತು.

ನಾನು ಹಿಟ್ಟಿನ ಕೈಯಿಂದ ಅವಳ ಬಾಯಿ ಮುಚ್ಚಿದೆ.

ಅವಳು ಕಣ್ಣು ಅಗಲಿಸಿ ನನ್ನ ಮಣಿಕಟ್ಟು ಹಿಡಿದಳು. ನಾನು ಬಿಡಲಿಲ್ಲ. ಫೋನಿನಲ್ಲಿ ಡಾಕ್ಟರು ಹಲೋ, ಹಲೋ ಅನ್ನುತ್ತಿದ್ದರು.

"ತಿಳೀತೇನು?" ಎಂದು ಪಿಸುಗುಟ್ಟಿದೆ.

ಇಲ್ಲ ಎಂದು ತಲೆ ಅಲ್ಲಾಡಿಸಿದಳು.

"ಹಂಗಂತ ಹೇಳು."

ಕೈ ತೆಗೆದೆ. ಮೂಗಿನಿಂದ ಗದ್ದದವರೆಗೆ ಜೋಳದ ಹಿಟ್ಟು ಮೆತ್ತಿಕೊಂಡ ಮುಖದಲ್ಲಿ ಅವಳು ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಡಾಕ್ಟರು ಸಿಟ್ಟಾದರೇ, ಫೋನು ಇಟ್ಟರೇ ಎಂದು ನಾನು ಫೋನಿನ ಮೇಲೆ ಬಗ್ಗಿದೆ. ಆಮೇಲೆ ಅವರು ಮತ್ತೆ ಹೇಳಿದರು, ಈ ಸಲ ತಡೆದು ತಡೆದು. ಅವಳು ಪುಸ್ತಕದ ರಟ್ಟಿನ ಮೇಲೆ ಬರೆದುಕೊಂಡಳು. ನಡುವೆ ಒಂದು ಕಡೆ ಪೆನ್ನು ನಿಂತಿತು. ಅವಳು ನನ್ನ ಕಡೆ ನೋಡಿದಳು. ನೋಡಿ, ತಾನಾಗಿಯೇ ಇನ್ನೊಮ್ಮೆ ಕೇಳಿದಳು. ಅವರು ಹೇಳಿದರು. ಅವಳು ಬರೆದದ್ದನ್ನು ಅವರಿಗೆ ಓದಿ ಹೇಳತೊಡಗಿದಳು.

ಅವಳು ಫೋನು ಇಡುವವರೆಗೂ ನನ್ನ ಕೈ ಅವಳ ಬಾಯಿಂದ ಒಂದು ಗೇಣು ದೂರದಲ್ಲೇ ಇತ್ತು.